150 ಹಾಸಿಗೆಗೆ ಎಷ್ಟು ಕೈ?

ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕೇಂದ್ರ ಕಾಯ್ದೆಯ 19ನೇ ಸೆಕ್ಷನ್, ಜಿಲ್ಲೆಗೊಂದಾದರೂ ವೃದ್ಧಾಶ್ರಮ ಇರಲಿ, ಅದರಲ್ಲಿ ಕಡಿಮೆಯೆಂದರೂ 150 ನಿರ್ಗತಿಕ ಹಿರಿಯರಿಗೆ ಜಾಗವಿರಲಿ ಎನ್ನುತ್ತದೆ. ಒಂದು ಕೋಣೆಗೆ ಎಷ್ಟು ಮಂಚ, ಒಬ್ಬ ಆಯಾಗೆ ಎಷ್ಟು ಜನ ಎಂಬ ಮಾತು ಅಲ್ಲಿಲ್ಲ. ನಡೆಸುವ ಕ್ರಮವನ್ನು ರಾಜ್ಯಗಳಿಗೆ ಬಿಟ್ಟಿದೆ. ಬಿಡುವಾಗ ವೈದ್ಯಕೀಯ ಆರೈಕೆಯನ್ನೂ ಮನರಂಜನೆಯನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಸೋಂಕಿನ ದೃಷ್ಟಿಯಿಂದ ಇದು ಸಣ್ಣ ಲೋಪವಲ್ಲ.

ತುಂಬಿದ ಹಜಾರದಲ್ಲಿ ಏನಾಗಬಹುದೆಂದು ನಮಗೆ ಗೊತ್ತಿದೆ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ವಾಂತಿಭೇದಿಯ ನಡುವೆ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. 2020ರ ಏಪ್ರಿಲ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ, ಅಲ್ಲಿನ ದೇಶಗಳ ಕೋವಿಡ್ ಸಾವುಗಳಲ್ಲಿ ಅರ್ಧದವರೆಗೂ ಆರೈಕೆ ಕೇಂದ್ರಗಳಲ್ಲಿದ್ದವರದೇ ಎಂದು ಅಂದಾಜಿಸಿತು. ಅವು ಬಡ ದೇಶಗಳಾಗಿರಲಿಲ್ಲ. ಒಬ್ಬರ ಮೈ ಒರೆಸಿದ ಕೈಯೇ ಪಕ್ಕದವರ ಮೂತ್ರದ ಚೀಲ ಖಾಲಿ ಮಾಡಿ, ಮೂರನೆಯವರಿಗೆ ಊಟ ಮಾಡಿಸುವ ಕಡೆ ಕಜ್ಜಿಯಾಗಲಿ ಭೇದಿಯಾಗಲಿ ಒಂದು ಮಂಚಕ್ಕೆ ನಿಲ್ಲುವುದಿಲ್ಲ.

ಹಾಗೆಂದು ಮನೆಯೇ ಕ್ಷೇಮ ಎಂದು ಒಪ್ಪಲಾರೆ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳನ್ನು ನೋಡಿ. ಮುಂದೆ ಪವರ್‌ಲೂಮ್, ಹಿಂದಿನ ಕೋಣೆಯಲ್ಲಿ ಲಕ್ವ ಹೊಡೆದ ಅತ್ತೆ. ಮಗ್ಗ ನಿಂತರೆ ಕೂಲಿ ನಿಲ್ಲುತ್ತದೆ. ಸೊಸೆ ಓಡಿಬಂದು, ಮಲಗಿದ್ದಂತೆಯೇ ನಾಲ್ಕು ಚಮಚ ಗಂಜಿ ಕುಡಿಸಿ ಹೋಗುತ್ತಾಳೆ. ತಲೆ ಎತ್ತಿ ಕೂರಿಸದೆ ಕುಡಿಸಿದ ಗಂಜಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಕ್ಯಾಥೆಟರ್ ಚೀಲ ನೆಲದ ಮೇಲೇ ಬಿದ್ದಿರುತ್ತದೆ, ಮಗ್ಗುಲು ಬದಲಿಸದ ಬೆನ್ನಲ್ಲಿ ಹುಣ್ಣು ಕೀವಾಗುತ್ತದೆ. ಸೊಸೆಯನ್ನು ದೂರಿ ಫಲವಿಲ್ಲ, ಆಕೆಗೆ ಯಾರೂ ಹೇಳಿಕೊಟ್ಟಿಲ್ಲ. ಆಶ್ರಮದಲ್ಲಿ ಹತ್ತು ಜನ ಸತ್ತರೆ ಪತ್ರಿಕೆಯಲ್ಲಿ ಬರುತ್ತದೆ; ಹತ್ತು ಮನೆಗಳಲ್ಲಿ ಒಬ್ಬೊಬ್ಬರು ಹೋದರೆ ‘ವಯಸ್ಸಾಗಿತ್ತು’ ಎಂದು ಮಣ್ಣು ಮಾಡಿ ಬರುತ್ತೇವೆ.

ದೇವನಹಳ್ಳಿ, ಹೊಸಕೋಟೆ ಕಡೆಯ ಬಡಾವಣೆಗಳಲ್ಲಿ ಏಜೆನ್ಸಿಯಿಂದ ಬರುವ ಆರೈಕೆಯವರನ್ನು ಇಟ್ಟುಕೊಂಡರೆ ಎರಡರ ಅಪಾಯವೂ ಒಂದೇ ಕಡೆ ಸೇರಬಹುದು. ಬೆಳಿಗ್ಗೆ ಒಂದು ಮನೆ, ಮಧ್ಯಾಹ್ನ ಇನ್ನೊಂದು ಎಂದು ತಿರುಗುವ ಹೆಣ್ಣುಮಗಳಿಗೆ ಜ್ವರ ಬಂದರೂ ರಜೆ ಹಾಕಿದರೆ ಸಂಬಳವಿಲ್ಲ. ಅಲ್ಲಿಗೆ ಆ ಮನೆಗಳೆಲ್ಲ ಸೇರಿ ಒಂದು ವಾರ್ಡೇ ಆಯಿತು, ರಿಜಿಸ್ಟರ್ ಮಾತ್ರ ಇಲ್ಲ.

ಆದ್ದರಿಂದ ಮನೆಯೋ ಆಶ್ರಮವೋ ಎಂಬುದಕ್ಕಿಂತ, ಒಂದು ಜೊತೆ ಕೈ ದಿನಕ್ಕೆ ಎಷ್ಟು ಮೈ ಮುಟ್ಟುತ್ತದೆ, ಆ ಕೈಗೆ ಸಾಬೂನು, ತರಬೇತಿ, ಸಂಬಳದ ರಜೆ ಇವೆಯೇ ಎಂದು ಮೊದಲು ಕೇಳಬೇಕು. ನ್ಯುಮೊಕಾಕಲ್ ಲಸಿಕೆ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಮೊಮ್ಮಗುವಿಗೆ ಉಚಿತವಾಗಿದೆ, ಅದೇ ಮನೆಯ ಅಜ್ಜಿಗೆ ಇಲ್ಲ, ಇದನ್ನು ಸರಿಪಡಿಸಬೇಕು. ಹಾಸಿಗೆ ಹಿಡಿದವರಿರುವ ಮನೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ವಾರಕ್ಕೊಮ್ಮೆ ಬಂದು ಹುಣ್ಣು, ಚೀಲ ನೋಡಿ ಬರೆದಿಡಬೇಕು. ಕಾಯ್ದೆಯ 150ರ ಪಕ್ಕದಲ್ಲಿ ಒಬ್ಬ ಆಯಾಗೆ ಇಷ್ಟೇ ಮಂದಿ ಎಂಬ ಮಿತಿ ಸೇರಬೇಕು. ಜ್ವರ ಬಂದವರನ್ನು ಬೇರೆ ಇಡಲು ಪ್ರತಿ ಆಶ್ರಮದಲ್ಲೂ ಕಿಟಕಿಯಿರುವ ಒಂದು ಕೋಣೆ ಖಾಲಿ ಇರಬೇಕು, ದಾಖಲಾತಿಗೆ ಎಷ್ಟೇ ಒತ್ತಡವಿದ್ದರೂ.