ಜಾಲಿಕಾಯಿಯ ಕಪ್ಪು

ಶಿವಗಂಗೆ ಬೆಟ್ಟದ ಬುಡದ ಹೊಲಗಳ ಬದುವಿನಲ್ಲಿ ಬೇಸಿಗೆ ಬಂತೆಂದರೆ ಕರಿಜಾಲಿಯ ಕಾಯಿ ಉದುರುತ್ತದೆ. ಕುರಿ ಮೇಕೆ ತಿಂದು ಮುಗಿಸುವ ಮೊದಲು ಒಂದು ಚೀಲ ಆರಿಸಿಟ್ಟುಕೊಳ್ಳಿ. ಮನೆಯಲ್ಲೇ ಮರಕ್ಕೆ ಬಣ್ಣ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಸರಕು ಈ ಸೀಮೆಯಲ್ಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾಯಿ ಜಜ್ಜಿ, ರಾತ್ರಿ ನೆನೆಹಾಕಿ, ನೀರು ಅರ್ಧಕ್ಕಿಳಿಯುವ ತನಕ ಕುದಿಸಿ ಸೋಸಿದರೆ ಒಗರು ಕಷಾಯ ಸಿದ್ಧ. ಇನ್ನೊಂದು ಮಡಕೆಯಲ್ಲಿ ಬೆಲ್ಲದ ನೀರಿಗೆ ತುಕ್ಕು ಮೊಳೆ, ಕಬ್ಬಿಣದ ಚೂರು ಹಾಕಿ ಬಟ್ಟೆ ಕಟ್ಟಿ ಹುಳಿಯಲು ಬಿಡಬೇಕು. ಮಾವಿನ ಹಲಗೆಗೆ ಕಷಾಯ ಬಳಿದರೆ ಮೊದಲು ಕಾಣುವುದು ಬರೀ ಮಂಕು ಕಂದು. ಅದು ಒಣಗಿದ ಮೇಲೆ ಕಬ್ಬಿಣದ ನೀರು ಸವರಿ ನೋಡಿ: ಬ್ರಷ್ ಹೋದ ಕಡೆಯೆಲ್ಲ ಕಂದು ಬೂದಿಯಾಗುತ್ತದೆ, ಬೂದಿ ಕಪ್ಪಾಗುತ್ತದೆ, ಮರದ ಗೆರೆಗಳು ಒಂದೊಂದಾಗಿ ಎದ್ದುಬರುತ್ತವೆ. ಕಾಯಿಯ ಟ್ಯಾನಿನ್ ಕಬ್ಬಿಣದೊಡನೆ ಕೂಡಿ, ಕಪ್ಪು ಮರದ ನಾರಿನಲ್ಲೇ ಹುಟ್ಟುತ್ತದೆ. ಕಲಂಕಾರಿ ಬಟ್ಟೆಯ ಕಪ್ಪು ಗೆರೆಯ ಗುಟ್ಟೂ ಇದೇ.

ಮುತ್ತುಗದ ಹೂವಿನ ಕೇಸರಿ, ಅರಿಸಿನದ ಹಳದಿ, ಬೀಟ್‌ರೂಟಿನ ಕೆಂಪು ಬಳಿದ ದಿನ ಮನಸ್ಸು ಸೆಳೆಯುತ್ತವೆ, ನಿಜ. ಬೆಳಕು ಬಿದ್ದಂತೆಲ್ಲ ಮಾಸುತ್ತವೆ. ಹಾಗಾದರೆ ಚನ್ನಪಟ್ಟಣದ ಗೊಂಬೆಯ ಅರಿಸಿನ ಬಣ್ಣ? ಅಲ್ಲಿನವರು ಬಣ್ಣವನ್ನು ಹಾಲೆ ಮರಕ್ಕೆ ಕುಡಿಸುವುದೇ ಇಲ್ಲ. ಅರಗಿಗೆ ಬೆರೆಸಿ, ತಿರುಗುವ ಮರಕ್ಕೆ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಹೊದಿಕೆಯಾಗುತ್ತದೆ. ಬಣ್ಣವನ್ನು ಹಿಡಿದಿಡುವುದು ಅರಗು. ಹೂವಿನ ಕಷಾಯವನ್ನಷ್ಟೇ ಬಳಿದು ಅದೇ ಬಾಳಿಕೆ ನಿರೀಕ್ಷಿಸಿದರೆ ಆಗದು.

ತಂಗಡಿ ತೊಗಟೆಯ ಒಗರೇನೂ ಕಡಿಮೆಯಲ್ಲ. ಚರ್ಮ ಹದಮಾಡಲು ದಕ್ಷಿಣ ಭಾರತದಲ್ಲೆಲ್ಲ ಅದನ್ನೇ ಬಳಸುತ್ತಿದ್ದರು. ಆದರೂ ಅದನ್ನು ನಾನು ಒಪ್ಪುವುದಿಲ್ಲ. ಸುತ್ತಲೂ ತೊಗಟೆ ಸುಲಿದರೆ ಗಿಡ ಒಣಗಿಹೋಗುತ್ತದೆ. ಸ್ಟೂಲಿನ ಬಣ್ಣಕ್ಕಾಗಿ ಬೆಟ್ಟದ ಕುರುಚಲು ಕಾಡಿಗೆ ಕತ್ತಿ ಹಿಡಿದು ಹೋಗುವ ಕೆಲಸಕ್ಕೆ ನೈಸರ್ಗಿಕವೆಂಬ ಹೆಸರು ಸಲ್ಲದು. ಬಿದ್ದ ಕಾಯಿಯೇ ಸಾಕು.

ಕೊನೆಯ ಎಣ್ಣೆಯಲ್ಲೂ ವಿವೇಕ ಬೇಕು. ಕೈಗೆ ಸುಲಭವಾಗಿ ಸಿಗುವ ಹೊಂಗೆ ಎಣ್ಣೆ ಒಣಗದೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ಬಾಗಿಲು, ಕಪಾಟು, ದೇವರ ಗೂಡಿಗೆ ಈ ಕಪ್ಪು ಲಾಯಕ್ಕು. ಅಡುಗೆಮನೆಯ ಸೌಟು, ಹಲಗೆಗೆ ಬೇಡ. ನಿಂಬೆ ರಸ ತಾಗಿದಲ್ಲಿ ಬಣ್ಣ ಬಿಡುತ್ತದೆ.