ಪಾರಸಿಕ್ ಸುರಂಗದಲ್ಲಿ ‘ಶಿಕಾರಿ’

ಕುಮಟಾದಿಂದ ಮೊದಲ ಸಲ ಒಬ್ಬನೇ ಮತ್ಸ್ಯಗಂಧಾ ಹತ್ತಿದಾಗ ಚೀಲದಲ್ಲಿ ಎರಡು ಪುಸ್ತಕಗಳಿದ್ದವು: ಯಶವಂತ ಚಿತ್ತಾಲರ ‘ಶಿಕಾರಿ’ (1979), ಜಯಂತ ಕಾಯ್ಕಿಣಿಯವರ ‘ದಗಡೂ ಪರಬನ ಅಶ್ವಮೇಧ’. ಒಬ್ಬರು ಹನೇಹಳ್ಳಿಯವರು, ಇನ್ನೊಬ್ಬರು ಗೋಕರ್ಣದವರು. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. ಇಬ್ಬರೂ ಮುಂಬಯಿ ಸೇರಿದ್ದು ಅದಕ್ಕೂ ಬಹಳ ಮೊದಲು.

ಆ ರಾತ್ರಿ ನಾನು ‘ಶಿಕಾರಿ’ಯ ನಾಗಪ್ಪನೇ ಆಗಿಬಿಟ್ಟಿದ್ದೆ. ಚೀಲಕ್ಕೆ ಸರಪಳಿ, ಎದುರಿನವರು ಚಾಚಿದ ಚಪಾತಿಗೆ ‘ಬೇಡ’. ಊರು ಬಿಟ್ಟವನಿಗೆ ಎಲ್ಲರೂ ಬೇಟೆಗಾರರು ಎಂಬುದೇ ಕಾದಂಬರಿಯ ಪಾಠ ಅಂದುಕೊಂಡಿದ್ದೆ. ಬೆಳಿಗ್ಗೆ ಮುಂಬ್ರಾ ದಾಟಿ ಪಾರಸಿಕ್ ಸುರಂಗದ ಕತ್ತಲು ಬಂದಾಗ ಅದೇ ಮನುಷ್ಯ ‘ಮುಂದೆ ಠಾಣೆ, ಎದ್ದೇಳಿ’ ಎಂದು ನನ್ನ ಚೀಲವನ್ನು ಬಾಗಿಲವರೆಗೆ ತಂದುಕೊಟ್ಟರು.

ಮುಂಬ್ರಾದಲ್ಲಿ ಬಾಡಿಗೆ ಮನೆ ಹಿಡಿದೆ ಎಂದಾಗ ಸಹೋದ್ಯೋಗಿಗಳು ‘ಅಲ್ಲಿ ಯಾಕೆ?’ ಎಂದರು. ಅದೇ ಮನೆಯಲ್ಲಿ ‘ಶಿಕಾರಿ’ಯನ್ನು ಮತ್ತೆ ಓದಿದೆ. ನನ್ನ ಮೊದಲ ಓದು ತಪ್ಪಾಗಿತ್ತು. ಕೆಲಸದಿಂದ ಅಮಾನತಾದ ನಾಗಪ್ಪನ ಬೆನ್ನು ಹತ್ತುವವರು ರೈಲಿನ ಅಪರಿಚಿತರಲ್ಲ. ಕಚೇರಿಯವರು, ಪರಿಚಯದವರು, ಊರ ನಂಟಿನವರು. ಕಾಯ್ಕಿಣಿಯವರ ಕತೆಗಳಲ್ಲಿ ಹೆಸರು ಗೊತ್ತಿಲ್ಲದವರೇ ಎಷ್ಟೋ ಸಲ ಆಸರೆಯಾಗುತ್ತಾರೆ. ಹಾಗೆ ನೋಡಿದರೆ ಎರಡೂ ಪುಸ್ತಕಗಳು ಒಂದೇ ಮಾತನ್ನು ಎರಡು ತುದಿಗಳಿಂದ ಹೇಳುತ್ತವೆ.

ಕಾಯ್ಕಿಣಿಯವರ ಕರುಣೆ ಕೆಲವೊಮ್ಮೆ ತೀರಾ ಸಲೀಸಾಗಿ ಒದಗುತ್ತದೆ ಎಂಬ ತಕರಾರು ನನಗೆ ಈಗಲೂ ಇದೆ. ಆದರೆ ವಲಸೆಯ ಬಗ್ಗೆ ಬರೆಯುವ ನಾವು ಊರನ್ನು ಮಡಿಲಾಗಿಯೂ ನಗರವನ್ನು ಬೋನಾಗಿಯೂ ಚಿತ್ರಿಸುವ ಮುನ್ನ ಈ ಎರಡನ್ನೂ ಜೊತೆಗಿಟ್ಟು ಓದಬೇಕು. ಆ ಚಪಾತಿಯನ್ನು ನಾನು ತಿನ್ನಬೇಕಿತ್ತು.