ಹಲಗೆ ಕೂಡುವ ಜಾಗ

ಮಾನ್ವಿಯಲ್ಲಿ ‘ಲೇಔಟ್ ಮಾಡೀವಿ’ ಅಂದರೆ ಮೊದಲು ಬರುವ ಪ್ರಶ್ನೆ, ‘ಎಷ್ಟು ಬೈ ಎಷ್ಟರ ಸೈಟು, ಎನ್.ಎ. ಆಗೇದೇನ್ರಿ?’ ನಮ್ಮ ಸೈಟು ನಾಲ್ಕು ಬೈ ಎರಡು, ಅದೂ ಅಡಿಯಲ್ಲಿ. ಅಂಥವು ಆರು ಹಲಗೆ ಇವೆ. ಅವುಗಳ ಮೇಲೆ ಹಳಿ, ಹಳಿಯ ಮೇಲೆ ಅಂಗೈಯಗಲದ ರೈಲು. ಕೇಳಿದವರು ಒಂದು ಗಳಿಗೆ ನಮ್ಮ ಮುಖ ನೋಡಿ, ‘ಊರಿಗೇ ರೈಲಿಲ್ಲ, ಇವ್ರದೊಂದು ರೈಲು’ ಎಂದು ಚಹಾ ಕುಡಿಯಲು ಹೋಗುತ್ತಾರೆ.

ಮಾತು ಸುಳ್ಳಲ್ಲ. ಗಿಣಿಗೇರಾ–ರಾಯಚೂರು ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1997–98ರಲ್ಲಿ. ಹಳಿ ಗಂಗಾವತಿ ಮುಟ್ಟಿತು, ಕಾರಟಗಿ ಮುಟ್ಟಿತು, 2024ರ ಮಾರ್ಚಿನಲ್ಲಿ ಸಿಂಧನೂರಿಗೂ ರೈಲು ಬಂತು. ಆ ಕಡೆ ತೆಲಂಗಾಣದ ಮಹಬೂಬ್‌ನಗರದ ದಿಕ್ಕಿನಿಂದ ಕೃಷ್ಣಾ ಸ್ಟೇಷನ್ನಿಗೆ 2023ರಲ್ಲೇ ಹಳಿ ಸೇರಿತು. ನಡುವೆ ಉಳಿದ ಸಂದಿನಲ್ಲಿ ನಾವು, ಮಾನ್ವಿಯವರು. ಅದಕ್ಕೇ ನಮ್ಮ ಐದು ಜನರ ಗುಂಪು ಆ ಸಂದಿನ ಮಾದರಿಯನ್ನೇ ಕಟ್ಟುವುದೆಂದು ಕೂತಿತು. ಒಂದು ತುದಿಗೆ ರಾಯಚೂರು ಜಂಕ್ಷನ್ನು, ಇನ್ನೊಂದು ತುದಿಗೆ ಇನ್ನೂ ಇಲ್ಲದ ಮಾನ್ವಿ ಸ್ಟೇಷನ್ನು.

ಲೆಕ್ಕ ಹಾಕಿದಾಗ ಮೊದಲ ಪೆಟ್ಟು ಬಿತ್ತು. ನಮ್ಮದು ಎಚ್‌ಒ ಅಳತೆ, ಅಂದರೆ 87ಕ್ಕೆ ಒಂದು. ರಾಯಚೂರಿನಿಂದ ಮಾನ್ವಿಗೆ ಸುಮಾರು 45 ಕಿಲೋಮೀಟರು. ಅದನ್ನು 87ರಿಂದ ಭಾಗಿಸಿದರೂ ಅರ್ಧ ಕಿಲೋಮೀಟರಿಗೆ ಮಿಕ್ಕಿ ಬರುತ್ತದೆ, ನಮ್ಮ ಆರೂ ಹಲಗೆ ಕೂಡಿಸಿದರೆ 7.3 ಮೀಟರು. ಶಕ್ತಿನಗರದ ವಿದ್ಯುತ್ ಕೇಂದ್ರಕ್ಕೆ ಕಲ್ಲಿದ್ದಲು ತರುವ ಗೂಡ್ಸು ನೋಡಿದ್ದೀರಲ್ಲ, 58 ವ್ಯಾಗನ್ನಿನದು? ಅದನ್ನೊಂದನ್ನೇ ಅಳತೆಗೆ ಸರಿಯಾಗಿ ಮಾಡಿದರೆ ಏಳು ಮೀಟರು ದಾಟುತ್ತದೆ. ಎಂಜಿನ್ನು ಮಾನ್ವಿಯಲ್ಲಿ, ಗಾರ್ಡಿನ ಡಬ್ಬಿ ರಾಯಚೂರಿನಲ್ಲಿ! ಹಾಗಾಗಿ ಎಂಟು ವ್ಯಾಗನ್ನಿಗೆ ಒಪ್ಪಿಕೊಂಡೆವು. ಈ ಹವ್ಯಾಸದಲ್ಲಿ ಏನು ಕಟ್ಟಬೇಕು ಎನ್ನುವುದಕ್ಕಿಂತ ಏನು ಬಿಡಬೇಕು ಎನ್ನುವುದಕ್ಕೇ ಜಗಳ ಜಾಸ್ತಿ. ಜಗನ್ನಾಥದಾಸರ ಮಂದಿರ ಬೇಕೇ ಬೇಕು ಅಂದರು ನಿವೃತ್ತ ಮಾಸ್ತರರು. ಹಳಿಯಿಂದ ಅದು ಕಾಣುವುದಿಲ್ಲ ಎಂದು ನಾನು. ಕೊನೆಗೆ ಹಿಂದಿನ ಪರದೆಯ ಮೇಲೆ ಬಣ್ಣದಲ್ಲಿ ಗೋಪುರ ಬರೆದು ರಾಜಿಯಾಯಿತು.

ಎರಡನೆಯ ಪೆಟ್ಟು ಹಳಿಯ ಅಗಲದ್ದು. ನಮ್ಮ ಬ್ರಾಡ್‌ಗೇಜು 1676 ಮಿಲಿಮೀಟರು, ಎಚ್‌ಒ ಅಳತೆಗೆ ಇಳಿಸಿದರೆ 19.3 ಆಗಬೇಕು. ಅಂಗಡಿಯಲ್ಲಿ ಸಿಗುವುದು 16.5ರ ಹಳಿ, ಯುರೋಪು ಅಮೆರಿಕದ 1435ರ ಗೇಜಿನ ಲೆಕ್ಕದ್ದು. ಅದರ ಮೇಲೆ ನಮ್ಮ ಅಗಲವಾದ ಎಂಜಿನ್ನು ನಿಲ್ಲಿಸಿದರೆ ಎಮ್ಮೆಗೆ ಆಡಿನ ಕಾಲು ಹಚ್ಚಿದಂತೆ. ಕೈಯಿಂದಲೇ 19.3ರ ಹಳಿ ಹಾಸಬಹುದು, ಹಾಸುವ ಹಟವಾದಿಗಳೂ ಇದ್ದಾರೆ. ಆಗ ಪ್ರತಿ ಗಾಲಿಯ ಇರುಸನ್ನೂ ಬದಲಿಸಬೇಕು, ಹಳಿ ಕವಲೊಡೆಯುವ ಪಾಯಿಂಟುಗಳನ್ನು ಕೂತು ಕೊರೆಯಬೇಕು. ನಾನು ಆ ಪಂಥದವನಲ್ಲ. ಪಕ್ಕದಿಂದ ನೋಡುವವನಿಗೆ ಆ ಮೂರು ಮಿಲಿಮೀಟರು ಕಾಣದು. ಎದುರಿನಿಂದ ನೋಡುವವರನ್ನು ಮಾತಿಗೆಳೆದು ಪಕ್ಕಕ್ಕೆ ಕರೆದುಕೊಂಡು ಬರುತ್ತೇನೆ.

ನಿಜವಾದ ಕುಶಲತೆ ಬೇರೆ ಕಡೆ ಇದೆ. ಮನೆಯ ಕೋಣೆಯಲ್ಲಿ ಒಬ್ಬನೇ ಕಟ್ಟುವ ಲೇಔಟಿಗೂ ಗುಂಪಿನವರು ಹೊತ್ತುಕೊಂಡು ತಿರುಗುವ ಲೇಔಟಿಗೂ ಇರುವ ವ್ಯತ್ಯಾಸವೆಂದರೆ ಹಲಗೆ ಮತ್ತು ಹಲಗೆ ಕೂಡುವ ಜಾಗ. ಪುಣೆಯ ಕೋಥರೂಡಿನಲ್ಲಿ ಭಾವು ಜೋಶಿಯವರ ಪುಟಾಣಿ ರೈಲಿನ ಸಂಗ್ರಹಾಲಯವಿದೆ, 1998ರಿಂದ. ದೀಪ ಆರಿಸಿ ಊರೆಲ್ಲ ರಾತ್ರಿಯಾದಾಗ, ಬೋಗಿಗಳ ಕಿಟಕಿಯ ಬೆಳಕು ಸಾಲಾಗಿ ಹರಿಯುವುದನ್ನು ಕಂಡವರು ಮರೆಯಲಾರರು. ಅದು ಒಂದು ಕಡೆ ನೆಲೆನಿಂತ ಲೇಔಟು. ನಮ್ಮದು ಟಂಟಂನಲ್ಲಿ ಪ್ರಯಾಣ ಮಾಡುವಂಥದ್ದು. ಪ್ರತಿ ಸಲ ಬಿಚ್ಚಬೇಕು, ಹೇರಬೇಕು, ಇಳಿಸಬೇಕು, ಮತ್ತೆ ಕೂಡಿಸಬೇಕು.

ರೈಲಿನ ಗಾಲಿಗೆ ಒಳಬದಿಯಲ್ಲಿ ಇರುವ ಅಂಚು ಎಷ್ಟು ಆಳ ಗೊತ್ತೇ? ನಮ್ಮ ಅಳತೆಯಲ್ಲಿ 0.64 ಮಿಲಿಮೀಟರು. ಎರಡು ಹಲಗೆಗಳ ಹಳಿ ಅರ್ಧ ಮಿಲಿಮೀಟರು ಮೇಲೆ ಕೆಳಗಾದರೆ ಸಾಕು, ಎಂಜಿನ್ನು ಅಲ್ಲಿ ಕುಂಟುತ್ತದೆ, ಹಿಂದಿನ ವ್ಯಾಗನ್ನು ಪಲ್ಟಿ. ಮೊದಲು ಬರೀ ನಟ್ಟು ಬೋಲ್ಟು ಹಾಕಿದ್ದೆವು. ಬೋಲ್ಟಿನ ತೂತಿನಲ್ಲಿ ಸಡಿಲು ಇದ್ದೇ ಇರುತ್ತದೆ. ಪರಿಹಾರ ಹೇಳಿದವನು ನಮ್ಮ ಬಡಿಗ, ಚೌಕಟ್ಟಿಗೆ ಪ್ಲೈವುಡ್ ಹೊಡೆಯುತ್ತ ಬಾಯಲ್ಲಿ ಮೊಳೆ ಕಚ್ಚಿಕೊಂಡೇ: ‘ಬಾಗಲಾ ದಿನಾ ನೂರು ಸಲ ತೆಗಿತೀರಿ, ಹಾಕ್ತೀರಿ. ಜಾಗಾ ಬಿಟ್ಟು ಕದಲ್ತದೇನ್ರಿ?’ ಬಾಗಿಲಿನ ಕೀಲನ್ನು ಎರಡು ಹಲಗೆಗೂ ಅರ್ಧರ್ಧ ಜಡಿದು ನಡುವಿನ ಕಡ್ಡಿಯನ್ನು ಹೊರಗೆಳೆದರೆ ಹಲಗೆ ಬೇರೆ. ಕಡ್ಡಿ ತೂರಿಸಿದರೆ ಕೂದಲೆಳೆಯೂ ಆಚೀಚೆ ಆಗದಂತೆ ಒಂದು. ಹೊರದೇಶದ ಕ್ಲಬ್ಬುಗಳೂ ಇದನ್ನೇ ಮಾಡುತ್ತವೆಂದು ಆಮೇಲೆ ಓದಿದೆ. ನಮ್ಮ ಬಡಿಗ ಅದನ್ನು ಓದಿರಲಿಲ್ಲ.

ಹಲಗೆ ಕೂಡಿತು, ಹಳಿ ಕೂಡಬೇಕಲ್ಲ. ಹಲಗೆಯ ಅಂಚಿನಲ್ಲಿ ಹಿತ್ತಾಳೆಯ ಸ್ಕ್ರೂ ಇಳಿಸಿ, ಅದರ ತಲೆಯ ಮೇಲೆ ಹಳಿಯನ್ನು ಬೆಸುಗೆ ಹಾಕುತ್ತೇವೆ. ಈ ಕೆಲಸ ಮೊಬೈಲ್ ರಿಪೇರಿಯ ಗೆಳೆಯನದು. ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರೆ ಹಳಿ ಕೂದಲೆಳೆಯಷ್ಟು ಏರುತ್ತದೆ, ಇಳಿಯುತ್ತದೆ. ಆ ಮೇಲೆ ಎರಡೂ ಹಲಗೆ ಕೂಡಿಸಿಟ್ಟು, ಮೇಲಿನಿಂದ ಹಾದ ಒಂದೇ ಹಳಿಯನ್ನು ಸರಿಯಾಗಿ ಸಂದಿಯ ಮೇಲೆ ತೆಳು ಗರಗಸದಿಂದ ಕೊಯ್ಯುವುದು. ಮೊದಲು ಒಂದಾಗಿದ್ದದ್ದನ್ನು ಕೊಯ್ದರೆ ಮತ್ತೆ ಕೂಡುತ್ತದೆ. ಬೇರೆ ಬೇರೆ ಹಾಸಿ ಆಮೇಲೆ ಕೂಡಿಸಹೋದರೆ ಒಂದಿಲ್ಲೊಂದು ಕಡೆ ಮುನಿಸು.

ಬೇರೆ ಬೇರೆ ಹಾಸಿಯೂ ಕೂಡಿಸಿದವರು ನಮ್ಮ ಜಿಲ್ಲೆಯಲ್ಲೇ ಇದ್ದರು ಅನ್ನಿ. ಮುಂಬಯಿ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿ, ಮದ್ರಾಸಿನ ಕಡೆಯಿಂದ ಮದ್ರಾಸ್ ರೈಲ್ವೆ, ಎರಡೂ ಹಳಿ ಹಾಸುತ್ತ ಬಂದು 1871ರಲ್ಲಿ ರಾಯಚೂರಿನಲ್ಲಿ ಕೈ ಕುಲುಕಿದವು. ಮುಂಬಯಿ–ಮದ್ರಾಸಿನ ನಂಟು ಬಿದ್ದದ್ದು ನಮ್ಮಲ್ಲಿ. ರಾಯಚೂರಿನ ಹಲಗೆಯಲ್ಲಿ ನಾನು ಸಂದಿಯನ್ನು ಬೇಕೆಂದೇ ಪ್ಲಾಟ್‌ಫಾರಂ ನಡುಮಧ್ಯಕ್ಕೆ ತಂದಿದ್ದೇನೆ. ತಂತ್ರದ ದೃಷ್ಟಿಯಿಂದ ಶುದ್ಧ ಮೂರ್ಖತನ, ಸಂದಿಯನ್ನು ಯಾವಾಗಲೂ ಬಯಲಿನಲ್ಲಿಡಬೇಕು. ಇರಲಿ.

ನೆಲದ ಕೆಲಸದಲ್ಲಿ ನಮಗೆ ಖರ್ಚಿಲ್ಲ. ಹೊರಗಿನವರು ಡಬ್ಬಿಯಲ್ಲಿ ಕೊಳ್ಳುವ ಮಣ್ಣು ನಮ್ಮ ಹೊಲದಲ್ಲೇ ಇದೆ. ಎರಿ ಮಣ್ಣನ್ನು ಕುಟ್ಟಿ, ಹಳೇ ಧೋತರದಲ್ಲಿ ಜರಡಿ ಹಿಡಿದು, ಒಲೆಯ ಮೇಲೆ ಹುರಿದು, ಕೊನೆಗೆ ಕೆಟ್ಟ ಸ್ಪೀಕರಿನ ಅಯಸ್ಕಾಂತವನ್ನು ಅದರ ಮೇಲೆ ಆಡಿಸಬೇಕು. ಈ ಕೊನೆಯ ಕೆಲಸ ಬಿಟ್ಟದ್ದಕ್ಕೆ ನನ್ನದೊಂದು ಎಂಜಿನ್ನು ಸತ್ತಿತು. ಮಣ್ಣಿನಲ್ಲಿದ್ದ ಕಬ್ಬಿಣದ ಕಣಗಳನ್ನು ಮೋಟರಿನ ಅಯಸ್ಕಾಂತ ಎಳೆದುಕೊಂಡು, ಬಿಚ್ಚಿ ನೋಡಿದರೆ ಒಳಗೆ ಕರಿ ಮೀಸೆ. ಜಲ್ಲಿ ಕೂರಿಸಲು ಫೆವಿಕಾಲಿಗೆ ಅಷ್ಟೇ ನೀರು, ಮೇಲೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ. ಸೋಪಿಲ್ಲದಿದ್ದರೆ ಅಂಟು ಜಲ್ಲಿಯ ಮೇಲೆ ಮುತ್ತಿನಂತೆ ಉರುಳುತ್ತದೆ, ಒಳಗೆ ಇಳಿಯುವುದಿಲ್ಲ.

ಫೆಬ್ರುವರಿ 28, ವಿಜ್ಞಾನ ದಿನ, ಒಂದು ಶಾಲೆಯ ವರಾಂಡದಲ್ಲಿ ಮೊದಲ ಪ್ರದರ್ಶನ. ಬೆಳಿಗ್ಗೆ ಒಂಬತ್ತಕ್ಕೆ ಗೂಡ್ಸು ಸರಾಗವಾಗಿ ಓಡಿತು. ಗಂಟೆಗೆ ಐವತ್ತು ಕಿಲೋಮೀಟರಿನ ವೇಗವನ್ನು ಅಳತೆಗೆ ಇಳಿಸಿದರೆ ಸೆಕೆಂಡಿಗೆ 16 ಸೆಂಟಿಮೀಟರು. ಆರು ಹಲಗೆ ದಾಟಲು ಮುಕ್ಕಾಲು ನಿಮಿಷ. ನಿಧಾನವೇ ಈ ಕಲೆಯ ಮರ್ಜಿ. ಮಕ್ಕಳ ಮರ್ಜಿ ಬೇರೆ, ‘ಜೋರ್ ಬಿಡ್ರೀ ಸರ್!’ ಬಿಡಲಿಲ್ಲ. ಹತ್ತರ ಹೊತ್ತಿಗೆ ಎಂಜಿನ್ನೇ ಮುಗ್ಗರಿಸತೊಡಗಿತು. ಹತ್ತಿರದ ಅಕ್ಕಿ ಮಿಲ್ಲು ಶುರುವಾಗಿತ್ತು, ಹೊಟ್ಟಿನ ಧೂಳು ಹಳಿಯ ಮೇಲೆ ಕೂತಿತ್ತು. ಈ ರೈಲಿಗೆ ಕರೆಂಟು ಬರುವುದು ಹಳಿಯಿಂದ ಗಾಲಿಗೆ, ಅದೂ 12 ವೋಲ್ಟಿನ ಬಡಪಾಯಿ ಕರೆಂಟು. ನಡುವೆ ಧೂಳಿನ ಪದರವಿದ್ದರೆ ದಾಟುವುದಿಲ್ಲ. ಒಬ್ಬ ಹುಡುಗ ಬೆರಳಿನಿಂದ ಮೆಲ್ಲಗೆ ನೂಕಿದ, ಹೊರಟಿತು. ‘ನಮ್ಮಪ್ಪನ ಟ್ರ್ಯಾಕ್ಟರ್ ಇದ್ದಂಗ ಅದರೀ, ನೂಕಬೇಕು’ ಅಂದ. ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಹಳಿ ಒರೆಸುವ ಕೆಲಸವನ್ನು ಅವನಿಗೇ ವಹಿಸಿದೆವು.

ಮಧ್ಯಾಹ್ನ ಇನ್ನೊಂದು. ಡಿಸೆಂಬರಿನ ಚಳಿ ರಾತ್ರಿಗಳಲ್ಲಿ ಹಳಿ ಹಾಸಿದ್ದೆವು. ಈಗ ಬಿಸಿಲು ಏರಿ ಇಪ್ಪತ್ತು ಡಿಗ್ರಿ ವ್ಯತ್ಯಾಸ. ನಾಲ್ಕಡಿಯ ಹಳಿ ಅಷ್ಟು ಬಿಸಿಗೆ 0.4 ಮಿಲಿಮೀಟರು ಉದ್ದವಾಗುತ್ತದೆ. ನಾವು ಬಿಟ್ಟ ಸಂದಿ ಅದಕ್ಕಿಂತ ಕಿರಿದು. ಎಲ್ಲಿ ಒಂದಕ್ಕೊಂದು ಒತ್ತಿ ಹಳಿ ಡೊಂಕಾಯಿತು ಎಂದರೆ ನನ್ನ ಮೂರ್ಖತನದ ಆ ಪ್ಲಾಟ್‌ಫಾರಂ ನಡುವೆಯೇ. ಹಾರ್ಡ್‌ವೇರ್ ಅಂಗಡಿಯ ಗೆಳೆಯ ಮಾತಾಡದೆ ಅರ ತೆಗೆದು, ಮೂಗು ಹಳಿಗೆ ತಾಗುವಷ್ಟು ಬಗ್ಗಿ ಹತ್ತು ನಿಮಿಷ ಉಜ್ಜಿದ. ಅಷ್ಟು ಹೊತ್ತೂ ಮಕ್ಕಳು ರೈಲು ಬಿಟ್ಟು ಅವನನ್ನೇ ನೋಡುತ್ತಿದ್ದರು.

ಸಂಜೆ ಮೊಮ್ಮಗನನ್ನು ಕರೆಯಲು ಬಂದ ಅಜ್ಜಿಯೊಬ್ಬರು ಮಾನ್ವಿಯ ಹಲಗೆಯ ಮುಂದೆ ಬಹಳ ಹೊತ್ತು ನಿಂತರು. ಬೋರ್ಡು ಓದಿಸಿಕೊಂಡರು. ‘ಹೌದಲ್ಲ, ಊರ ಹೆಸರು ಬರದಾರ. ಖರೇ ಸ್ಟೇಷನ್ ಎಲ್ಲಿ ಮಾಡ್ತಾರಪ್ಪಾ, ಈ ಕಡೀಗೋ ಆ ಕಡೀಗೋ?’ ಮಾಸ್ತರರು ಕೋಲಿನಿಂದ ವಿವರಿಸಿದರು. ‘ಹಂಗಾರ ನಮ್ಮ ಓಣಿಗೆ ದೂರ ಬೀಳ್ತದ’ ಎಂದು ಅಜ್ಜಿ ಬೇಸರದಿಂದ ಮೊಮ್ಮಗನ ಕೈ ಹಿಡಿದರು.

ರಾತ್ರಿ ಕಡ್ಡಿ ಎಳೆದು, ಹಲಗೆ ಬಿಡಿಸಿ, ಟಂಟಂಗೆ ಹೇರಿದೆವು. ಲೆಕ್ಕ ಮಾಡಿದಾಗ ಒಂದು ಕೀಲಿನ ಕಡ್ಡಿ ಕಡಿಮೆ. ವರಾಂಡವೆಲ್ಲ ಮೊಬೈಲ್ ಬ್ಯಾಟರಿ ಹಿಡಿದು ಗುಡಿಸಿದೆವು. ಮನೆಗೆ ಬಂದು ಅಂಗಿ ಬಿಚ್ಚಿದಾಗ ಪೆನ್ನಿನ ಪಕ್ಕ ಜೇಬಿನಲ್ಲೇ ಸಿಕ್ಕಿತು.